ಸರ್ಕಾರವನ್ನು ಸಂಶಯಿಸುವುದು ದ್ರೋಹವೇ?

‘ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?’ ಎಂದು ನಮ್ಮ ಹಿರಿಯರು ಕೇಳುತ್ತ ಬಂದಿದ್ದಾರೆ. ಈ ಮಾತನ್ನು ಮೊದಲು ಆಡಿದವನು ರಾಜ್ಯಶಾಸ್ತ್ರವನ್ನು ಓದಿದವನಾಗಿರಲಾರ, ಹೊಲವನ್ನು ಕಾಯ್ದವನಾಗಿರಬೇಕು. ಬೇಲಿಯಿಲ್ಲದೆ ಬೆಳೆ ಉಳಿಯದೆಂಬುದು ಅವನಿಗೆ ಗೊತ್ತಿತ್ತು. ಬೇಲಿಯ ಮೇಲೂ ಒಂದು ಕಣ್ಣಿರಬೇಕೆಂಬುದು ಅಷ್ಟೇ ಚೆನ್ನಾಗಿ ಗೊತ್ತಿತ್ತು. ಸರ್ಕಾರವೆಂಬ ಬೇಲಿಯ ವಿಷಯದಲ್ಲಿ ಮಾತ್ರ ಈ ಎರಡನೆಯ ತಿಳಿವಳಿಕೆಯನ್ನು ನಾವು ಮರೆಯುತ್ತಿದ್ದೇವೆಯೇ ಎಂಬ ಶಂಕೆ ನನಗೆ ಕೆಲವು ಕಾಲದಿಂದ ಉಂಟಾಗಿದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಊಟವಾದ ಮೇಲೆ ರಾಜಕೀಯದ ಚರ್ಚೆ ನಡೆಯುವುದುಂಟು. ಅಲ್ಲಿ ಯಾರಾದರೂ ಸರ್ಕಾರದ ಒಂದು ಕ್ರಮವನ್ನು ಪ್ರಶ್ನಿಸಿದೊಡನೆ, ಆ ಕ್ರಮ ಸರಿಯೋ ತಪ್ಪೋ ಎಂಬ ವಿಚಾರ ಹಿಂದೆ ಬೀಳುತ್ತದೆ. ‘ನೀನು ಯಾರ ಕಡೆಯವನು?’ ಎಂಬ ಮರುಪ್ರಶ್ನೆ ಮುಂದೆ ಬರುತ್ತದೆ. ಸಂಶಯವೆಂದರೆ ದ್ವೇಷ, ದ್ವೇಷವೆಂದರೆ ದ್ರೋಹ ಎಂಬ ಸುಲಭವಾದ ಲೆಕ್ಕ ನಡೆದುಹೋಗುತ್ತದೆ.

ಈ ಲೆಕ್ಕ ತಪ್ಪೆಂದು ನನ್ನ ನಂಬಿಕೆ. ಆ ನಂಬಿಕೆಗೆ ನಾನು ಬಂದ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ತುರ್ತುಪರಿಸ್ಥಿತಿಯ ಕುರಿತು ಒಂದು ಪ್ರಬಂಧವನ್ನು ಸಿದ್ಧಪಡಿಸುವಂತೆ ನನಗೆ ಹೇಳಿದರು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಥೆ. ಪರೀಕ್ಷೆಗೆ ಬೇಕಾದಷ್ಟನ್ನು ಓದಿದರೆ ಸಾಕೆಂದುಕೊಂಡು ಗ್ರಂಥಾಲಯದಲ್ಲಿ ಕುಳಿತವನು, ಓದುತ್ತ ಹೋದಂತೆ ಬೇರೆಯೇ ಆಗಿ ಎದ್ದೆನೆಂದರೆ ಅತಿಶಯೋಕ್ತಿಯಲ್ಲ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರ ರಾಯಬರೇಲಿಯ ಚುನಾವಣೆಯನ್ನು ಅಸಿಂಧುವೆಂದು ತೀರ್ಪಿತ್ತರು. ಜೂನ್ 25ರ ರಾತ್ರಿ, ‘ಆಂತರಿಕ ಕ್ಷೋಭೆ’ಯ ಕಾರಣವನ್ನು ಮುಂದಿಟ್ಟು, ಸಂವಿಧಾನದ 352ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಯವರ ಅಂಕಿತ ಬಿದ್ದಿತು. ಮಂತ್ರಿಮಂಡಲಕ್ಕೆ ಈ ವಿಷಯ ತಿಳಿದುದು ಮರುದಿನ ಬೆಳಗ್ಗೆ! ಮೊದಲು ಆಜ್ಞೆ, ಆಮೇಲೆ ಒಪ್ಪಿಗೆ. ಪತ್ರಿಕೆಗಳ ಬಾಯಿಗೆ ಸೆನ್ಸಾರಿನ ಬೀಗ ಬಿದ್ದಿತು. ಜೂನ್ 26ರಂದು ನಮ್ಮ ಬೆಂಗಳೂರಿನಲ್ಲಿಯೇ, ಸಂಸತ್ತಿನ ಸಮಿತಿಯೊಂದರ ಸಭೆಗಾಗಿ ಬಂದಿದ್ದ ವಾಜಪೇಯಿ, ಅಡ್ವಾಣಿ, ಶ್ಯಾಮನಂದನ ಮಿಶ್ರ ಮೊದಲಾದವರು ದಸ್ತಗಿರಿಯಾದರು. ಮುಂದಿನ 21 ತಿಂಗಳುಗಳಲ್ಲಿ, ಆ ಬಳಿಕ ವಿಚಾರಣೆ ನಡೆಸಿದ ಷಾ ಆಯೋಗದ ಲೆಕ್ಕದಂತೆ, ದೇಶದಲ್ಲಿ ಸೆರೆಗೆ ಹೋದವರು ಒಂದು ಲಕ್ಷಕ್ಕೂ ಮಿಕ್ಕು. ಅವರಲ್ಲಿ ಸುಮಾರು 35,000 ಮಂದಿ ‘ಮೀಸಾ’ ಎಂಬ ಕಾಯಿದೆಯ ಅಡಿಯಲ್ಲಿ, ವಿಚಾರಣೆಯ ಸುಳಿವೇ ಇಲ್ಲದೆ ಬಂಧನದಲ್ಲಿದ್ದವರು.

ಅಂಕಿಗಳು ಕಣ್ಣಿಗೆ ಕಾಣುತ್ತವೆ, ಮನಸ್ಸಿಗೆ ತಾಕುವುದಿಲ್ಲ. ಒಬ್ಬರ ಕಥೆಯನ್ನು ಹೇಳುತ್ತೇನೆ. 1970ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಬರೋಡಾ ಡೈನಮೈಟ್ ಪ್ರಕರಣದ ಹೆಸರನ್ನು ಹೇಳಿ ಹಿಡಿದದ್ದು. ಕೊನೆಗೆ ಸಿದ್ಧವಾದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆಕೆಗೆ ಉಬ್ಬಸದ ವ್ಯಾಧಿ. ಎಂಟು ತಿಂಗಳ ಸೆರೆವಾಸದಿಂದ ಜರ್ಝರಿತರಾದ ಆಕೆಯನ್ನು 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಜನವರಿ 20ರಂದು ಆಕೆ ತೀರಿಕೊಂಡರು. ಆ ಕಾರಾಗೃಹದ ಜಾಗ ಇಂದು ‘ಫ್ರೀಡಂ ಪಾರ್ಕ್’ ಎಂಬ ಉದ್ಯಾನ. ಅಲ್ಲಿ ಓಡಾಡುವವರಲ್ಲಿ ಎಷ್ಟು ಜನ ಆಕೆಯನ್ನು ನೆನೆಯುತ್ತಾರೋ ತಿಳಿಯದು.

ಇದನ್ನೆಲ್ಲ ಓದಿ, ಬಿಸಿರಕ್ತದ ಉತ್ಸಾಹದಿಂದ ರಜೆಗೆ ಊರಿಗೆ ಹೋದೆ. ನಮ್ಮೂರು ಸಾಗರದ ಸೀಮೆಯ ಒಂದು ಹಳ್ಳಿ. ಜಗಲಿಯ ಮೇಲೆ ಕುಳಿತಿದ್ದ ಅಜ್ಜನ ಮುಂದೆ ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. ಅಜ್ಜ ಓದು ಬರಹ ಬಲ್ಲವನಲ್ಲ, ಆದರೆ ಕೇಳಬಲ್ಲವನು. ಎಲ್ಲವನ್ನೂ ಕೇಳಿ, ಎಲೆಯಡಿಕೆಯನ್ನು ಉಗಿದು ಬಂದು, ‘ಆ ಸರ್ಕಾರವನ್ನು ನನ್ನೆದುರು ಬಯ್ಯಬೇಡ. ನೀನು ಕಾಲೇಜಿಗೆ ಹೋಗ್ತಿರೋದು ಅವರು ಕೊಟ್ಟ ಎರಡೆಕರೆಯಿಂದ’ ಎಂದ.

ನಾನು ನಿರುತ್ತರನಾದೆ. ಅಜ್ಜನ ಮಾತು ಅಕ್ಷರಶಃ ಸತ್ಯ. ನಮ್ಮ ಮನೆಯವರು ತಲೆಮಾರುಗಳಿಂದ ಗೇಣಿದಾರರು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ, ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಉಳುತ್ತಿದ್ದ ನೆಲಕ್ಕೆ ಅಜ್ಜ ಒಡೆಯನಾದದ್ದು ಆ ದಿನಗಳಲ್ಲಿಯೇ. ದೆಹಲಿಯಲ್ಲಿ ಕತ್ತಲೆ ಕವಿದಿತ್ತೆಂದು ನಾನು ಓದಿದ ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೆಳಕು ಮೂಡಿತ್ತು! 1977ರ ಚುನಾವಣೆಯಲ್ಲಿ ಉತ್ತರಪ್ರದೇಶದ 85 ಸ್ಥಾನಗಳಲ್ಲಿ ಒಂದನ್ನೂ ಕಾಂಗ್ರೆಸ್ಸಿಗೆ ಕೊಡದೆ ಜನರು ತಮ್ಮ ಕೋಪವನ್ನು ತೋರಿಸಿದರು. ಕರ್ನಾಟಕವಾದರೋ 28ರಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಕನ್ನಡಿಗರಿಗೆ ಸ್ವಾತಂತ್ರ್ಯದ ಬೆಲೆ ತಿಳಿಯದೆಂದು ಇದಕ್ಕೆ ಅರ್ಥ ಕಟ್ಟುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಉತ್ತರದಲ್ಲಿ ಬಲಾತ್ಕಾರದ ಸಂತಾನಹರಣ ಚಿಕಿತ್ಸೆಗೆ ಹೆದರಿ ಜನ ಹೊಲಗಳಲ್ಲಿ ಅವಿತರೆಂದು ಕೇಳುತ್ತೇವೆ. ಇಲ್ಲಿ ಅಷ್ಟು ಹಿಂಸೆ ನಡೆಯಲಿಲ್ಲ, ಬದಲಿಗೆ ನೆಲ ಕೈಗೆ ಬಂದಿತು. ತನ್ನ ಹೊಟ್ಟೆಯನ್ನು ತುಂಬಿದ ಕೈಯನ್ನು ಬಡವನು ಮರೆಯಲಿಲ್ಲವೆಂದರೆ ಅದು ಕೃತಜ್ಞತೆಯೇ ಹೊರತು ಅಜ್ಞಾನವಲ್ಲ.

ಹಾಗಾದರೆ ಸ್ವಾತಂತ್ರ್ಯದ ಮಾತು ಉಂಡವರ ಮಾತೇ? ಉಣ್ಣದವನಿಗೆ ಅನ್ನ ಕೊಟ್ಟರೆ ಆಯಿತು, ಸರ್ಕಾರ ಉಳಿದುದೇನು ಮಾಡಿದರೂ ನಡೆಯುತ್ತದೆಯೇ? ಈ ಪ್ರಶ್ನೆ ಎರಡು ದಿನ ನನ್ನನ್ನು ಕಾಡಿತು. ಕೊನೆಗೆ ಅದಕ್ಕೆ ಉತ್ತರವನ್ನು ಕೊಟ್ಟವನೂ ಅಜ್ಜನೇ.

ಮೂರನೆಯ ದಿನ ಗದ್ದೆಯ ಬದುವಿನ ಮೇಲೆ ಕುಳಿತಾಗ, ನ್ಯಾಯಮಂಡಳಿಯ ಮುಂದೆ ಆ ದಿನ ಏನಾಯಿತೆಂದು ಕೇಳಿದೆ. ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ತಮ್ಮ ಮಾತನ್ನು ತಾವೇ ಆಡಬೇಕಾಗಿತ್ತು. ಒಡೆಯರ ಕಡೆಯವರು ಮೊದಲು ಮಾತಾಡಿದರಂತೆ. ಗೇಣಿಯ ಕರಾರೇ ಇಲ್ಲ, ಕೂಲಿಗೆ ಬಂದವನು ಎಂದರಂತೆ. ನಮ್ಮ ಬಳಿ ರಸೀದಿಯಿಲ್ಲ. ಬತ್ತವನ್ನು ಅಳೆದುಕೊಂಡವರು ರಸೀದಿ ಕೊಡುವ ಪದ್ಧತಿಯೇ ಇರಲಿಲ್ಲ. ಆಗ ಅಧ್ಯಕ್ಷರಾಗಿ ಕುಳಿತಿದ್ದ ಅಧಿಕಾರಿ ಅಜ್ಜನತ್ತ ತಿರುಗಿ, ‘ಈಗ ನೀನು ಹೇಳಪ್ಪ’ ಎಂದರಂತೆ. ಇದನ್ನು ಹೇಳುವಾಗ ಅಜ್ಜನ ದನಿ ಬೇರೆಯಾಯಿತು. ‘ಅಲ್ಲಿತನಕ ನನ್ನ ಯಾರೂ ಕೇಳಿರಲಿಲ್ಲ’ ಎಂದ.

ಮಿತ್ರರೇ, ಈ ಒಂದು ಮಾತಿನಿಂದ ನನ್ನ ಗಂಟು ಬಿಚ್ಚಿತು. ಅಜ್ಜನಿಗೆ ನೆಲ ಬಂದದ್ದು ಯಾರೋ ದಯೆಯಿಂದ ಕೊಟ್ಟರೆಂದಲ್ಲ. ಅಳೆಯುವವನು ಬೇರೆ, ತೀರ್ಪು ಹೇಳುವವನು ಬೇರೆ ಎಂಬ ಏರ್ಪಾಡು ಬಂದುದರಿಂದ. ಅದಕ್ಕೆ ಮೊದಲು ಒಡೆಯನೇ ಕೊಳಗ ಹಿಡಿಯುವವನು, ಒಡೆಯನೇ ಲೆಕ್ಕ ಬರೆಯುವವನು, ಒಡೆಯನೇ ನ್ಯಾಯ ಹೇಳುವವನು. ಆ ಕೊಳಗದ ಅಳತೆಯನ್ನು ಸಂಶಯಿಸಿದ್ದಕ್ಕಾಗಿಯೇ ಅಲ್ಲವೇ, 1951ರಲ್ಲಿ ನಮ್ಮ ಸೀಮೆಯ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದದ್ದು? ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ದಸ್ತಗಿರಿಯಾದರು. ಸಂಘ ಕಟ್ಟುವ, ಸಭೆ ಸೇರುವ, ಬೇಡವೆನ್ನುವ ಹಕ್ಕನ್ನು ಗೇಣಿದಾರರು ಬಳಸಿದುದರಿಂದ ‘ಉಳುವವನೇ ನೆಲದೊಡೆಯ’ ಎಂಬ ಮಾತಿಗೆ ಬಲ ಬಂದು, ಇಪ್ಪತ್ತುಮೂರು ವರ್ಷಗಳ ಮೇಲೆ ಅದು ಕಾಯಿದೆಯಾಗಿ ಫಲಿಸಿತು. ಅನ್ನವು ಸ್ವಾತಂತ್ರ್ಯದ ಹಗೆಯಲ್ಲ. ನಮ್ಮ ಮನೆಯ ಮಟ್ಟಿಗಂತೂ ಅದು ಸ್ವಾತಂತ್ರ್ಯದ ಬೆಳೆಯೇ ಸರಿ.

ಈಗ ದೆಹಲಿಯ ಕಡೆಗೆ ಮತ್ತೆ ತಿರುಗೋಣ. ಸೆರೆಯಲ್ಲಿದ್ದವರು 1975ರಲ್ಲಿ ಕೇಳಿದ್ದಾದರೂ ಏನನ್ನು? ಬಿಡುಗಡೆಯನ್ನಲ್ಲ, ಅದಕ್ಕೂ ಮೊದಲಿನದನ್ನು. ‘ನಮ್ಮನ್ನು ಹಿಡಿದವರನ್ನು ಬಿಟ್ಟು ಬೇರೊಬ್ಬರು ನಮ್ಮ ಮಾತನ್ನು ಕೇಳಲಿ’ ಎಂದಷ್ಟೇ ಅವರು ಕೇಳಿದರು. ಕರ್ನಾಟಕದ್ದೂ ಸೇರಿ ದೇಶದ ಹಲವು ಹೈಕೋರ್ಟುಗಳು, ಅಂಥ ಅರ್ಜಿಯನ್ನು ಕೇಳಬಹುದೆಂದು ಧೈರ್ಯವಾಗಿ ಹೇಳಿದವು. ಆದರೆ 1976ರ ಏಪ್ರಿಲ್ 28ರಂದು, ಜಬಲ್‌ಪುರದ ಮೊಕದ್ದಮೆಯೆಂದು ಹೆಸರಾದ ತೀರ್ಪಿನಲ್ಲಿ, ಸುಪ್ರೀಂಕೋರ್ಟಿನ ಐವರು ನ್ಯಾಯಾಧೀಶರಲ್ಲಿ ನಾಲ್ವರು, ತುರ್ತುಪರಿಸ್ಥಿತಿ ಇರುವವರೆಗೆ ಆ ಬಾಗಿಲು ಮುಚ್ಚಿದೆಯೆಂದರು. ವೈಯಕ್ತಿಕ ವೈರದಿಂದ ಪೋಲೀಸಿನವನೊಬ್ಬ ಯಾರನ್ನಾದರೂ ಕೊಂದರೆ ಪರಿಹಾರವೇನೆಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ವಿಚಾರಣೆಯ ಕಾಲದಲ್ಲಿ ಕೇಳಿದಾಗ, ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ನಿರೇನ್ ಡೇ ಅವರು, ತುರ್ತುಪರಿಸ್ಥಿತಿ ಮುಗಿಯುವ ತನಕ ಯಾವ ಪರಿಹಾರವೂ ಇಲ್ಲವೆಂದು ಒಪ್ಪಿಕೊಂಡರು. ಖನ್ನಾ ಒಬ್ಬರೇ ಭಿನ್ನಮತದ ತೀರ್ಪನ್ನು ಬರೆದರು. 1977ರ ಜನವರಿಯಲ್ಲಿ ಅವರನ್ನು ಹಿಂದೆ ಸರಿಸಿ, ಅವರಿಗಿಂತ ಕಿರಿಯರಾದ ಎಂ. ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆಯಿತ್ತು ಮನೆಗೆ ನಡೆದರು.

ಅಜ್ಜನಿಗೆ ದೊರೆತ ‘ಈಗ ನೀನು ಹೇಳಪ್ಪ’ ಎಂಬ ಮಾತು ಆ ಸಾವಿರಾರು ಮಂದಿಗೆ ದೊರೆಯಲಿಲ್ಲ. ಕೊಳಗ ಹಿಡಿದವನೇ ನ್ಯಾಯ ಹೇಳುವ ಹಳೆಯ ಏರ್ಪಾಡು ಹಳ್ಳಿಯಿಂದ ಹೊರಟುಹೋಗುತ್ತಿದ್ದಾಗಲೇ ದೆಹಲಿಯಲ್ಲಿ ಬಂದು ಕುಳಿತಿತ್ತು. ಇದನ್ನು ನಾನು ಅಜ್ಜನಿಗೆ ಹೀಗೆಯೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಕೇಳಬೇಕಾಗಿತ್ತು. ಕೇಳದೆ ಇಟ್ಟಿದ್ದು ತಪ್ಪು’ ಎಂದ. ಆ ಸರ್ಕಾರದ ಮೇಲಿನ ಅವನ ಕೃತಜ್ಞತೆ ಇಂದಿಗೂ ಕರಗಿಲ್ಲ. ಕರಗಬೇಕೆಂದು ನಾನೂ ಬಯಸುವುದಿಲ್ಲ. ಕೃತಜ್ಞತೆ ಬೇರೆ, ಕಣ್ಣು ಮುಚ್ಚುವುದು ಬೇರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಎಲ್ಲರೂ ಕಳ್ಳರೇ, ಯಾರು ಬಂದರೇನು?’ ಎಂದು ಮಗ್ಗುಲು ಬದಲಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದು ಸಂಶಯವಲ್ಲ, ಸೋಮಾರಿತನ. ನಿಜವಾದ ಸಂಶಯಕ್ಕೆ ಕೆಲಸವುಂಟು. ಅದು ಕಾಯಿದೆಯಾಗಿ ನಿಲ್ಲುವವರೆಗೆ ಸುಮ್ಮನಾಗುವುದಿಲ್ಲ. 1978ರ 44ನೆಯ ತಿದ್ದುಪಡಿಯನ್ನು ನೋಡಿ. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದವನ್ನು ಕಿತ್ತು ‘ಸಶಸ್ತ್ರ ದಂಗೆ’ ಎಂಬ ಪದವನ್ನು ಇರಿಸಿದರು. ಮಂತ್ರಿಮಂಡಲದ ಲಿಖಿತ ಸಲಹೆಯಿಲ್ಲದೆ ರಾಷ್ಟ್ರಪತಿಯವರು ತುರ್ತುಪರಿಸ್ಥಿತಿಯನ್ನು ಘೋಷಿಸಲಾಗದೆಂದರು. ಜೀವ ಮತ್ತು ಸ್ವಾತಂತ್ರ್ಯಗಳ 21ನೆಯ ವಿಧಿಯ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದೆಂದು ಬರೆದರು. ಇದು ಜನರ ಅವಿಶ್ವಾಸವೇ ಶಾಸನದ ರೂಪವನ್ನು ತಾಳಿದ ಪರಿ. ಜಬಲ್‌ಪುರದ ತೀರ್ಪನ್ನು ಸುಪ್ರೀಂಕೋರ್ಟು ತಾನೇ ತಪ್ಪೆಂದು ತಳ್ಳಿಹಾಕಿದ್ದು 41 ವರ್ಷಗಳ ಮೇಲೆ, 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ತಂದೆ ವೈ. ವಿ. ಚಂದ್ರಚೂಡರು 1976ರಲ್ಲಿ ಬಹುಮತದೊಡನೆ ನಿಂತಿದ್ದರು; ಅದು ತಪ್ಪೆಂದು 2017ರಲ್ಲಿ ಬರೆದ ಲೇಖನಿ ಮಗ ಡಿ. ವೈ. ಚಂದ್ರಚೂಡರದು. ತನ್ನನ್ನು ತಾನೇ ಸಂಶಯಿಸಿಕೊಂಡ ನ್ಯಾಯಾಲಯದ ಗೌರವ ಇದರಿಂದ ಹೆಚ್ಚಿತೇ ಹೊರತು ಕುಂದಲಿಲ್ಲ.

ಇಷ್ಟರಿಂದ ಎಲ್ಲವೂ ನೆಟ್ಟಗಾಯಿತೆಂದು ಭಾವಿಸುವಂತಿಲ್ಲ. ಮೀಸಾ ರದ್ದಾಯಿತು; 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯಿದೆ ಬಂದಿತು. ಅದರಂತೆ ಒಬ್ಬನನ್ನು ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಬಂಧನದಲ್ಲಿಡಲು ಇಂದಿಗೂ ಅವಕಾಶವುಂಟು. ಹಲವು ಪಕ್ಷಗಳು ಅಧಿಕಾರಕ್ಕೆ ಬಂದುಹೋಗಿವೆ. ಈ ಆಯುಧವನ್ನು ಯಾವುದೂ ಕೆಳಗಿಡಲಿಲ್ಲ. ಆದುದರಿಂದಲೇ ನಾನು ಹೇಳುವುದು: ಪಕ್ಷವನ್ನು ನೋಡಿ ಸಂಶಯಿಸುವುದು ಬೇಡ, ಅಧಿಕಾರವನ್ನು ನೋಡಿ ಸಂಶಯಿಸೋಣ. ನಮಗೆ ಬೇಕಾದವರು ಗದ್ದುಗೆಯ ಮೇಲಿರುವಾಗಲೇ ಈ ಅಭ್ಯಾಸ ಕಷ್ಟ. ಅದರ ಅಗತ್ಯವೂ ಆಗಲೇ ಹೆಚ್ಚು.

ಅಜ್ಜನಿಗೆ ಒಂದು ಚಟವಿದೆ. ಎಲ್ಲಿ ಹಣ ಕಟ್ಟಿದರೂ ರಸೀದಿಯನ್ನು ಕೇಳಿ ಪಡೆದು, ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಾನೆ. ಬಲ್ಲವರ ಅಂಗಡಿಯಲ್ಲಿ ಹಾಗೆ ಕೇಳಿದಾಗ ನನಗೆ ನಾಚಿಕೆಯಾಗುತ್ತಿತ್ತು. ರಸೀದಿಯಿಲ್ಲದೆ ತನ್ನ ಬೆವರನ್ನು ಸಾಬೀತುಪಡಿಸಲು ಹೆಣಗಿದವನಿಗೆ ಮಾತ್ರ ಅದರ ಬೆಲೆ ಗೊತ್ತೆಂದು ಈಗ ತಿಳಿದಿದೆ. ರಸೀದಿ ಕೇಳುವುದರಿಂದ ಅಂಗಡಿಯವನಿಗೆ ಅವಮಾನವಿಲ್ಲ. ಪ್ರಜೆಯು ಲೆಕ್ಕ ಕೇಳುವುದರಿಂದ ಸರ್ಕಾರಕ್ಕೂ ಅವಮಾನವಿಲ್ಲ.

ಸಹಪಾಠಿಗಳೇ, ನನ್ನಂತೆ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಈ ಸರ್ಕಾರಿ ಕಾಲೇಜಿನಲ್ಲಿ ಅನೇಕರಿದ್ದೀರಿ. ನಮ್ಮಲ್ಲಿ ಎಷ್ಟೋ ಮಂದಿ ಸರ್ಕಾರದ ಪರೀಕ್ಷೆಗಳಿಗೆ ಓದುತ್ತಿದ್ದೇವೆ. ನಾಳೆ ಗ್ರಾಮಪಂಚಾಯಿತಿಯ ಕಚೇರಿಯಲ್ಲೋ, ತಾಲ್ಲೂಕು ಕಚೇರಿಯಲ್ಲೋ, ಪೋಲೀಸು ಠಾಣೆಯಲ್ಲೋ ಮೇಜಿನ ಆಚೆಯ ಬದಿಯಲ್ಲಿ ಕೂರಲಿದ್ದೇವೆ. ಆಗ ನಮ್ಮನ್ನು ನಂಬದ ಒಬ್ಬ ಮುದುಕ, ಕೈಯಲ್ಲಿ ಹಳೆಯ ಕಾಗದವೊಂದನ್ನು ಹಿಡಿದು ಬಂದು ನಿಂತಾನು. ಅವನ ಅಪನಂಬಿಕೆಯನ್ನು ಕಂಡು ಸಿಡುಕದೆ, ಕುರ್ಚಿ ತೋರಿಸಿ, ‘ಈಗ ನೀನು ಹೇಳಪ್ಪ’ ಎನ್ನುವಷ್ಟು ಮನುಷ್ಯತ್ವ ನಮ್ಮಲ್ಲಿ ಉಳಿದಿದ್ದರೆ, ನಾವು ಇಲ್ಲಿ ಮೂರು ವರ್ಷ ಓದಿದ್ದು ಸಾರ್ಥಕ.