ಮೂಕಚಿತ್ರದ ನಟ, ಮನೆಯೊಳಗಿನ ಹಾಡು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ಚಲನಚಿತ್ರದ ಊರುಗಳಲ್ಲ. ಒಂದಕ್ಕೆ ಅಡಿಕೆಯ ತೋಟ ಹೆಸರು ತಂದಿದ್ದರೆ, ಇನ್ನೊಂದಕ್ಕೆ ತುಂಗಭದ್ರೆಯ ದಡ. ಮತ್ತೊಂದಕ್ಕೆ ಮುಗಿಲನ್ನೇ ನಂಬಿದ ಬಯಲು ಹೊಲ. ಆದರೂ ಈ ಸೀಮೆಯ ಹಳೆಯ ಮನೆಗಳಲ್ಲಿ ವಯಸ್ಸಾದವರು ಕೆಲಸದ ನಡುವೆ ಗುನುಗುವ ಹಾಡನ್ನು ಕಿವಿಗೊಟ್ಟು ಕೇಳಿದರೆ, ಅದು ದೇವರ ನಾಮವೂ ಅಲ್ಲ, ಸೋಬಾನೆಯೂ ಅಲ್ಲ ಎಂಬುದು ಕೆಲವೊಮ್ಮೆ ಹೊಳೆಯುತ್ತದೆ. ಅದು ಕಂಪನಿ ನಾಟಕದ ಹಾಡು. ಎಲ್ಲಿ ಕಲಿತದ್ದೆಂದು ವಿಚಾರಿಸಿದರೆ, ‘ಅವ್ವ ಹಾಡುತ್ತಿದ್ದಳು, ಅವಳ ಸೋದರಮಾವ ಕಂಪನಿಯಲ್ಲಿದ್ದನಂತೆ, ಮಾತಿಲ್ಲದ ಸಿನಿಮಾದಲ್ಲೂ ಬಂದಿದ್ದನಂತೆ’ ಎಂಬ ಬಗೆಯ ಉತ್ತರ ದೊರೆಯುವುದುಂಟು.

ಮನೆತನದ ಎಷ್ಟೋ ಸಂಬಂಧಗಳು ಈ ‘ಅಂತೆ’ ಎಂಬ ಎರಡಕ್ಷರದಲ್ಲಿಯೇ ನಿಂತಿರುತ್ತವೆ. ಅದನ್ನು ‘ಹೌದು’ ಎಂದು ಮಾಡುವ ಬಗೆ ಹೇಗೆ? ಮೂಕಚಿತ್ರಕ್ಕೆ ಬಾಯಿಯೇ ಇರಲಿಲ್ಲ. ಬಾಯಿಲ್ಲದ ಚಿತ್ರದ ನಟನನ್ನು ಹಾಡಿನಿಂದ ಗುರುತಿಸುವುದೆಂದರೆ ಮೇಲುನೋಟಕ್ಕೆ ವಿಪರೀತವೆಂದೇ ತೋರುತ್ತದೆ. ಆದರೆ ಕನ್ನಡ ನಾಡಿನ ಮಟ್ಟಿಗೆ ಅದಕ್ಕಿಂತ ಸಹಜವಾದ ದಾರಿ ಬೇರೊಂದಿಲ್ಲ.

ಕಾರಣವಿಷ್ಟೆ. ಭಾರತದಲ್ಲಿ 1913ರ ‘ರಾಜಾ ಹರಿಶ್ಚಂದ್ರ’ದಿಂದ ಮೊದಲುಗೊಂಡು ಸುಮಾರು ಎರಡು ದಶಕಗಳಲ್ಲಿ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳು ತಯಾರಾದವು. ಅವುಗಳಲ್ಲಿ ಇಂದು ಉಳಿದಿರುವುವು ಬೆರಳೆಣಿಕೆಯಷ್ಟು. ಅಂದಿನ ಫಿಲ್ಮು ಸುಲಭವಾಗಿ ಬೆಂಕಿಗೆ ತುತ್ತಾಗುವಂಥದು. ಸುಡದೆ ಉಳಿದದ್ದು ಕೊಳೆತು ಪುಡಿಯಾಯಿತು. ಅದೂ ಆಗದಿದ್ದುದನ್ನು ಅದರೊಳಗಿನ ಬೆಳ್ಳಿಯ ಆಸೆಗೆ ಕರಗಿಸಿದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಹೀಗೆ ನಟರ ಮುಖ ಅಳಿಯಿತು. ಅಳಿಯದೆ ಉಳಿದದ್ದು, ಅವರು ಚಿತ್ರಕ್ಕೆ ಬರುವ ಮೊದಲೂ ಬಂದುಹೋದ ಮೇಲೂ ರಂಗದ ಮೇಲೆ ಹಾಡಿದ ಹಾಡು. ಏಕೆಂದರೆ ಕನ್ನಡ ನಾಡಿನಲ್ಲಿ ಚಿತ್ರಕ್ಕೆ ನಟರನ್ನು ಕೊಟ್ಟ ತವರು ನಾಟಕದ ಕಂಪನಿ. ಕಂಪನಿಯಲ್ಲಿ ಹಾಡಲಾರದವನಿಗೆ ದೊಡ್ಡ ಪಾತ್ರವೆಂಬುದು ದುರ್ಲಭವಾಗಿತ್ತು.

ಗುಬ್ಬಿ ವೀರಣ್ಣನವರ ಮನೆತನ ಇದಕ್ಕೆ ಉಜ್ಜ್ವಲ ನಿದರ್ಶನ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರೇ ಆದರು. ‘ಸದಾರಮೆ’ಯ ಕಳ್ಳನಾಗಿ ನಾಡನ್ನೆಲ್ಲ ನಗಿಸಿದ ಈ ನಟರು 1930ರ ದಶಕದ ಮೊದಲಲ್ಲಿ ಬೆಂಗಳೂರಿನಲ್ಲಿ ಮೂಕಚಿತ್ರ ತಯಾರಿಕೆಗೂ ಕೈಯಿಟ್ಟರು. ಬೆಲ್ಜಿಯಂ ದೇಶದವನೊಬ್ಬ ನಿರ್ದೇಶಿಸಿದ ‘ಹಿಸ್ ಲವ್ ಅಫೇರ್’ ಚಿತ್ರದಲ್ಲಿ ತಾವೇ ನಾಯಕರಾದರು, ಪತ್ನಿ ಬಿ. ಜಯಮ್ಮನವರು ನಾಯಕಿ. ಈ ಸಾಹಸ ಬಹುಕಾಲ ನಡೆಯಲಿಲ್ಲ. 1931ರಲ್ಲಿ ‘ಆಲಂ ಆರಾ’ ಮಾತನಾಡಿದೊಡನೆ ಮೂಕಚಿತ್ರದ ಅವಸಾನ ಸಮೀಪಿಸಿತು. ವೀರಣ್ಣನವರು ಮತ್ತೆ ರಂಗಕ್ಕೆ ಮರಳಿದರು. ಮಾತಿನ ಚಿತ್ರಗಳನ್ನೂ ತಯಾರಿಸಿದರು. ರಾಜಕುಮಾರರನ್ನು ನಾಯಕರನ್ನಾಗಿ ಮಾಡಿದ 1954ರ ‘ಬೇಡರ ಕಣ್ಣಪ್ಪ’ ಅವರ ಸಂಸ್ಥೆಯ ಆಶ್ರಯದಲ್ಲಿಯೇ ಬಂದದ್ದು. 1972ರಲ್ಲಿ ಅವರು ಕಣ್ಮುಚ್ಚಿದರು.

ಆ ಮೂಕಚಿತ್ರದ ನಾಯಕನನ್ನು ಇಂದು ಯಾವ ತೆರೆಯ ಮೇಲೆ ಕಾಣುವುದು? ಕಾಣುವುದಕ್ಕಿಂತ ಕೇಳುವುದು ಮೇಲು. ವೀರಣ್ಣನವರ ಮಗಳು ಜಿ.ವಿ. ಮಾಲತಮ್ಮನವರು ಕಂಪನಿಯ ನಟಿ, ಗಾಯಕಿ. ಅವರ ಮಗಳು ಬಿ. ಜಯಶ್ರೀ. ತಾತನ ಕಂಪನಿಯ ಅಂಗಳದಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ ಎಂಬ ತಂಡವನ್ನು ಕಟ್ಟಿದ ಈ ಕಲಾವಿದೆ, ಹೊಸ ನಾಟಕಗಳನ್ನಾಡುತ್ತಲೇ ಕಂಪನಿಯ ಹಳೆಯ ಹಾಡುಗಳನ್ನೂ ಬಿಡದೆ ಹಾಡಿದರು. ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದು, ತಾತನ ಹೆಸರಿನೊಡನೆ ಬೆಸೆದುಹೋಗಿದ್ದ ಕಳ್ಳನ ವೇಷವನ್ನು ತಾವೇ ಧರಿಸಿದರು. ಮೂರು ತಲೆಮಾರಿನ ಕೊಂಡಿ ಯಾವುದೆಂದು ಕೇಳಿದರೆ ವಂಶವೃಕ್ಷದ ಪಟವನ್ನು ತೋರಿಸಬೇಕಾಗಿಲ್ಲ. ಹಾಡನ್ನು ಕೇಳಿದರೆ ಸಾಕು.

ಇನ್ನೊಂದು ದೃಷ್ಟಾಂತವೂ ಉಂಟು. ವೀರಣ್ಣನವರ ಮೂಕಚಿತ್ರಗಳಲ್ಲೊಂದಾದ ‘ಹರಿಮಾಯಾ’ವನ್ನು 1932ರಲ್ಲಿ ನಿರ್ದೇಶಿಸಿದವರು ವೈ.ವಿ. ರಾವ್. ನೆಲ್ಲೂರಿನವರಾದ ಇವರು ಮದರಾಸಿನ ಮೂಕಚಿತ್ರಗಳ ಹೆಸರಾಂತ ನಟ. 1929ರ ‘ಗರುಡ ಗರ್ವಭಂಗ’ದಲ್ಲಿ ಅಭಿನಯಿಸಿದ್ದವರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ನಿರ್ದೇಶಿಸಿದವರೂ ಅವರೇ, ಅದರಲ್ಲಿ ಲಕ್ಷ್ಮಣನ ಪಾತ್ರ ವಹಿಸಿದವರೂ ಅವರೇ. ಆ ಚಿತ್ರದ ಪ್ರತಿಯೂ ಇಂದು ಉಳಿದಿಲ್ಲ. ಆದರೆ 1937ರಲ್ಲಿ ರಾವ್ ತೆಗೆದ ‘ಚಿಂತಾಮಣಿ’ ಎಂಬ ತಮಿಳು ಚಿತ್ರದ ಹಾಡುಗಳು ಮನೆಮನೆಗೂ ಹೋದವು. ಅದರ ನಾಯಕಿ ಕನ್ನಡತಿ ಕೆ. ಅಶ್ವತ್ಥಮ್ಮ, 1935ರ ಕನ್ನಡ ‘ಸದಾರಮೆ’ ಚಿತ್ರದ ನಾಯಕಿಯೂ ಆಕೆಯೇ. ಮುಂದೆ 1946ರ ‘ಲವಂಗಿ’ಯಲ್ಲಿ ರಾವ್ ಅವರೊಡನೆ ಅಭಿನಯಿಸಿದ ಕುಮಾರಿ ರುಕ್ಮಿಣಿ ಅವರ ಪತ್ನಿಯಾದರು. ಈ ದಂಪತಿಗಳ ಮಗಳೇ ಕನ್ನಡ ಕುಟುಂಬಗಳು ಬಹುಕಾಲ ತಮ್ಮವಳೆಂದೇ ಭಾವಿಸಿದ ನಟಿ ಲಕ್ಷ್ಮಿ. 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರದಿಂದ ಕನ್ನಡಕ್ಕೆ ಬಂದ ಆ ಹುಡುಗಿ, ಕನ್ನಡದ ಮೊದಲ ವಾಕ್ಚಿತ್ರದ ನಿರ್ದೇಶಕರ ಮಗಳೆಂಬುದು ಅಂದಿನ ಪ್ರೇಕ್ಷಕರಲ್ಲಿ ಎಷ್ಟು ಮಂದಿಗೆ ಹೊಳೆದಿದ್ದೀತು?

ಇವೆಲ್ಲ ದೊಡ್ಡವರ ಮನೆಯ ಮಾತು, ಬೆಂಗಳೂರು ಮದರಾಸುಗಳ ಮಾತು ಎನ್ನಬಹುದು. ಆದರೆ ‘ಸತಿ ಸುಲೋಚನ’ದಲ್ಲಿ ರಾವಣನಾಗಿ ಗರ್ಜಿಸಿದ ಆರ್. ನಾಗೇಂದ್ರರಾಯರು ಹುಟ್ಟಿದ್ದು 1896ರಲ್ಲಿ, ಚನ್ನಗಿರಿಗೆ ನೆರೆಯ ಹೊಳಲ್ಕೆರೆಯಲ್ಲಿ. ಎಳೆವೆಯಲ್ಲಿಯೇ ಬಣ್ಣ ಹಚ್ಚಿ, ಮುಂದೆ ಸುಬ್ಬಯ್ಯನಾಯ್ಡು ಅವರೊಡನೆ ಸ್ವಂತ ಮಂಡಳಿಯನ್ನೇ ಕಟ್ಟಿದ ರಾಯರ ಮಗ ಆರ್.ಎನ್. ಜಯಗೋಪಾಲರು ಕನ್ನಡ ಚಿತ್ರಗೀತೆಗಳ ಕವಿಯಾದರು. ತಂದೆ ಹಾಡಿ ನಟಿಸಿದರೆ ಮಗ ಹಾಡು ಬರೆದ. ನೆರೆಯ ತಾಲ್ಲೂಕಿನಲ್ಲಿ ಇಂಥ ಮನೆಯೊಂದು ಉಂಟಾಗಿರುವಾಗ, ಹೊನ್ನಾಳಿಯ ಅಥವಾ ಜಗಳೂರಿನ ಮನೆಯೊಂದರ ‘ಅಂತೆ’ಯನ್ನು ಬರಿಯ ಜಂಭವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗಾದರೆ ಹುಡುಕುವ ಕ್ರಮವೇನು? ಮೊದಲು ಹಾಡಿನ ಮಟ್ಟನ್ನು ಗಮನಿಸಬೇಕು. ಸ್ವಾತಂತ್ರ್ಯಪೂರ್ವದಲ್ಲಿ ಈ ನಾಲ್ಕೂ ಊರುಗಳು ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದವು. ಹೊನ್ನಾಳಿಯ ಸೀಮೆ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಜಗಳೂರಿನಾಚೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂತಹ ಉತ್ತರದ ಕಂಪನಿಗಳಲ್ಲಿ ಮರಾಠಿ ರಂಗಭೂಮಿಯ ಹಿಂದೂಸ್ತಾನಿ ಮಟ್ಟು ಮೆರೆದರೆ, ಮೈಸೂರಿನ ಕಡೆಯ ಕಂಪನಿಗಳಲ್ಲಿ ಕರ್ನಾಟಕ ಸಂಗೀತದ ಛಾಯೆ ಹೆಚ್ಚು. ಮಟ್ಟು ಯಾವ ಕಡೆಯದೆಂದು ತಿಳಿದ ಸಂಗೀತಗಾರರೊಬ್ಬರು ಹೇಳಿದರೆ ಅರ್ಧ ದಾರಿ ಸವೆದಂತೆ.

ಅನಂತರ ಹಾಡಿನಿಂದ ಪಾತ್ರಕ್ಕೆ, ಪಾತ್ರದಿಂದ ನಾಟಕಕ್ಕೆ, ನಾಟಕದಿಂದ ಕಂಪನಿಗೆ ಸಾಗಬೇಕು. ಅಂದು ನಾಟಕದ ಹಾಡುಗಳ ಪುಟ್ಟ ಪುಸ್ತಕಗಳು ಡೇರೆಯ ಬಾಗಿಲಲ್ಲಿ ಮಾರಾಟವಾಗುತ್ತಿದ್ದವು. ಆಟದ ಹ್ಯಾಂಡ್‌ಬಿಲ್ಲಿನಲ್ಲಿ ನಟರ ಹೆಸರಿರುತ್ತಿತ್ತು. ಗ್ರಾಮಫೋನಿನ ಪ್ಲೇಟಿನ ನಡುವಣ ಚೀಟಿಯಲ್ಲಿ ಹಾಡಿದವರ ಹೆಸರು ಅಚ್ಚಾಗಿರುತ್ತಿತ್ತು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು ಲೇಸು. ಸರ್ಕಾರದ ಹಳೆಯ ಕಾಗದಗಳಲ್ಲಿ ಹುಡುಕುವವರು ಒಂದು ಸಂಗತಿಯನ್ನು ಮರೆಯಬಾರದು. ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿತ್ತು.

ಎಚ್ಚರಿಕೆಯೂ ಅಷ್ಟೇ ಅಗತ್ಯ. ಜನಪ್ರಿಯ ನಾಟಕವೊಂದನ್ನು ಹತ್ತು ಕಂಪನಿಗಳು ಆಡುತ್ತಿದ್ದವು. ಒಂದೇ ಹಾಡನ್ನು ಹತ್ತು ಮಂದಿ ಹಾಡಿದ್ದಾರು. ನಾಟಕವನ್ನು ಮೂರು ರಾತ್ರಿ ನೋಡಿ ಹಾಡನ್ನು ಬಾಯಿಪಾಠ ಮಾಡಿಕೊಂಡ ರಸಿಕರಿಗಂತೂ ಲೆಕ್ಕವಿಲ್ಲ. ಮನೆಯಲ್ಲಿ ‘ಸದಾರಮೆ’ಯ ಹಾಡು ಉಳಿದಿದೆಯೆಂದ ಮಾತ್ರಕ್ಕೆ ಆ ಮನೆ ಗುಬ್ಬಿಯ ಬಳಗವಾಗದು. ಹಾಡು ದಾರಿ ತೋರುವ ಕೈಮರ. ಕೈಮರವನ್ನೇ ಊರೆಂದು ಭ್ರಮಿಸಬಾರದು. ಹೆಸರು, ಊರು, ಕಾಲ ಮೂರೂ ಬೇರೊಂದು ಆಧಾರದೊಡನೆ ಕೂಡಿಬಂದಾಗ ಮಾತ್ರ ‘ಅಂತೆ’ ಎಂಬುದು ‘ಹೌದು’ ಆಗುತ್ತದೆ.

ಇಷ್ಟು ಶ್ರಮವೇಕೆ, ತಾರೆಯ ನಂಟು ಸಿಕ್ಕರೆ ಬರುವ ಭಾಗ್ಯವೇನು ಎಂದು ಕೇಳುವವರುಂಟು. ನಂಟಿನ ಹೆಮ್ಮೆ ಇಲ್ಲಿ ದೊಡ್ಡದಲ್ಲ. ಕಂಪನಿ ಸೇರಿದ ಮಗನನ್ನು ಮನೆತನದ ಲೆಕ್ಕದಿಂದ ಹೊಡೆದುಹಾಕುತ್ತಿದ್ದ ಕಾಲವೊಂದಿತ್ತು. ಬಣ್ಣ ಹಚ್ಚಿದ ಹೆಣ್ಣಿನ ಪಾಡಂತೂ ಹೇಳತೀರದು. ರಂಗದ ಮೇಲೆ ಆಕೆಗೆ ಚಪ್ಪಾಳೆ ತಟ್ಟಿದವರೇ ಮದುವೆಯ ಮಾತುಕತೆಯಲ್ಲಿ ಆಕೆಯ ಹೆಸರೆತ್ತಲು ಅಂಜಿದರು. ವಂಶಾವಳಿಯಲ್ಲಿ ಅವಳಿಲ್ಲ, ಗೋಡೆಯ ಪಟಗಳಲ್ಲಿ ಅವಳಿಲ್ಲ, ಆಸ್ತಿಯ ಕಾಗದದಲ್ಲಿ ಮೊದಲೇ ಇಲ್ಲ. ಚಿತ್ರದಲ್ಲಿ ನಟಿಸಿದ್ದರೆ ಆ ಚಿತ್ರವೂ ಸುಟ್ಟುಹೋಯಿತು. ಆದರೆ ತಂಗಿಯೊಬ್ಬಳು ಅಕ್ಕನ ಹಾಡನ್ನು ತೊಟ್ಟಿಲ ಬಳಿ ಹಾಡಿದಳು. ಅದರ ಮೂಲವನ್ನು ಹೇಳಲಿಲ್ಲ, ಹಾಡನ್ನು ಬಿಡಲೂ ಇಲ್ಲ. ಹೊರಗೆ ಹೇಳಲಾಗದ ಮಮತೆಯನ್ನು ಹೆಣ್ಣುಮಕ್ಕಳು ಹೀಗೆ ರಾಗದಲ್ಲಿ ಬಚ್ಚಿಟ್ಟರು. ಆ ಹಾಡಿನ ಬೆನ್ನು ಹತ್ತುವುದೆಂದರೆ ಹೊರಗಿಟ್ಟವಳನ್ನು ಮರಳಿ ಒಳಗೆ ಕರೆದಂತೆ.

ಮೂಕಚಿತ್ರದ ಕಾಲವನ್ನು ಕಣ್ಣಾರೆ ಕಂಡವರು ಇಂದು ಇಲ್ಲವೆಂದೇ ಹೇಳಬೇಕು. ಅವರಿಂದ ಕೇಳಿ ಕಲಿತವರು ಮಾತ್ರ ಅಲ್ಲಲ್ಲಿ ಇದ್ದಾರೆ. ಮನೆಯ ಹಿರಿಯರು ಹಾಡುವಾಗ ಹಾಡಿನ ಮಾತನ್ನಷ್ಟೇ ಬರೆದುಕೊಂಡರೆ ಸಾಲದು. ಯಾರಿಂದ ಕಲಿತರು, ಅವರು ಯಾರಿಂದ ಕಲಿತರು, ಯಾವ ಊರಿನ ಮನೆಯಲ್ಲಿ ಎಂಬುದನ್ನೂ ಪಕ್ಕದಲ್ಲಿಯೇ ಗುರುತು ಹಾಕಿಕೊಳ್ಳಬೇಕು. ಹೆಸರೊಂದು ಮನೆಯವರ ನಾಲಗೆಯಿಂದ ಜಾರಿಹೋದ ಮೇಲೆ ಯಾವ ಸಂಗ್ರಹಾಲಯವೂ ಅದನ್ನು ಮರಳಿ ಕೊಡಲಾರದು.