ಓಮ್‌ಗಳಿಂದ ನಾದವನ್ನು ಅಳೆಯಬಹುದೆ?

ನಮ್ಮ ಕಾಲೇಜುಗಳಲ್ಲಿ ವಿದ್ಯುತ್ ಗಿಟಾರನ್ನು ನುಡಿಸುವ ವಿದ್ಯಾರ್ಥಿಗಳು ಈಗ ಅಪರೂಪವಲ್ಲ. ಕೆಲವು ಕಾಲ ನುಡಿಸಿದ ಮೇಲೆ, ವಾದ್ಯದೊಡನೆ ಬಂದ ಪಿಕಪ್ಪನ್ನು ತೆಗೆದು ಬೇರೊಂದನ್ನು ಹಾಕಿಸಬೇಕೆಂಬ ಆಸೆ ಅವರಲ್ಲಿ ಹುಟ್ಟುತ್ತದೆ. ಮೊದಲು ಕಣ್ಣು ಬೀಳುವುದು ಬ್ರಿಡ್ಜಿನ ಬಳಿಯ ಹಂಬಕರಿನ ಮೇಲೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆಯ್ಕೆಗೆ ಅವರು ಹಿಡಿಯುವ ಅಳತೆಗೋಲು ಮಾತ್ರ ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ. ‘ಇದು 8 ಕಿಲೊಓಮ್, ಅದು 16 ಕಿಲೊಓಮ್, ಆದುದರಿಂದ ಅದರ ಬಲ ಇಮ್ಮಡಿ’ ಎಂದು ಲೆಕ್ಕ ಹಾಕಿ ಹಣ ತೆತ್ತು ಬರುತ್ತಾರೆ. ರೋಧಕ್ಕೂ ಪ್ರೇರಿತ ವಿದ್ಯುಚ್ಚಾಲಕ ಬಲಕ್ಕೂ ಇರುವ ಭೇದವನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವರೂ ಅಂಗಡಿಯ ಮೆಟ್ಟಿಲು ಹತ್ತುವಾಗ ಅದನ್ನು ಮರೆಯುವುದು ವಿಷಾದದ ಸಂಗತಿ.

ಪಿಕಪ್ ಎಂಬುದು ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ಒಂದು ಸರಳ ಪ್ರಯೋಗ. ಕಾಂತವು ಉಕ್ಕಿನ ತಂತಿಯನ್ನು ಕಾಂತೀಕರಿಸುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಬದಲಾಗುತ್ತದೆ. ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. ಆದರೆ ಸುತ್ತಮುತ್ತಲಿನ ವಿದ್ಯುತ್ ಸರಬರಾಜಿನ ಕಾಂತಕ್ಷೇತ್ರವೂ ಅದೇ ಸುರುಳಿಯನ್ನು ಹೊಕ್ಕು ಗುಂಯ್‌ಗುಟ್ಟುತ್ತದೆ. ಸರಬರಾಜಿನ ಆವೃತ್ತಿ ಅಮೆರಿಕದಲ್ಲಿ 60, ನಮ್ಮ ದೇಶದಲ್ಲಿ 50 ಹರ್ಟ್ಸ್. ಈ ಗದ್ದಲವನ್ನು ಅಡಗಿಸುವುದಕ್ಕಾಗಿ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬ ತಂತ್ರಜ್ಞರು ಎರಡು ಸುರುಳಿಗಳ ಪಿಕಪ್ಪನ್ನು ರೂಪಿಸಿ, 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1959ರಲ್ಲಿ ಅದು ದೊರೆಯಿತು. ಒಂದು ಸುರುಳಿಗೆ ಕಾಂತದ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ ಧ್ರುವ. ಸುರುಳಿಗಳ ಜೋಡಣೆಯೂ ಪರಸ್ಪರ ವಿರುದ್ಧ. ಹೊರಗಿನ ಗದ್ದಲಕ್ಕೆ ಜೋಡಣೆ ಮಾತ್ರ ವಿರುದ್ಧವಾದುದರಿಂದ ಅದು ಕಳೆದುಹೋಗುತ್ತದೆ. ತಂತಿಯ ಸಂಕೇತಕ್ಕೆ ಧ್ರುವವೂ ಜೋಡಣೆಯೂ ಎರಡೂ ವಿರುದ್ಧ. ಋಣ ಋಣ ಸೇರಿ ಧನವಾಗುವಂತೆ ಅದು ಕೂಡಿಕೊಳ್ಳುತ್ತದೆ. ಎಷ್ಟು ಸರಳ, ಎಷ್ಟು ಸುಂದರ!

ಇನ್ನು ಓಮ್‌ಗಳ ಮಾತು. ಲವರ್ ಮಾದರಿಯ ಪಿಕಪ್ಪಿನಲ್ಲಿ ಪ್ರತಿಯೊಂದು ಸುರುಳಿಗೂ ಸುಮಾರು 5,000 ಸುತ್ತು. ತಾಮ್ರದ ಎಳೆಯ ವ್ಯಾಸ ಸುಮಾರು 0.063 ಮಿಲಿಮೀಟರ್. ಅಷ್ಟೇ ಸುತ್ತುಗಳನ್ನು 0.056 ಮಿಲಿಮೀಟರಿನ ಎಳೆಯಿಂದ ಸುತ್ತಿದೆವೆಂದು ಭಾವಿಸೋಣ. ಎಳೆಯ ಅಡ್ಡಕೊಯ್ತದ ವಿಸ್ತೀರ್ಣ ಕಡಮೆಯಾದುದರಿಂದ ರೋಧವು ಶೇಕಡ 25ಕ್ಕೂ ಮಿಗಿಲಾಗಿ ಏರುತ್ತದೆ. ಆದರೆ ಫ್ಯಾರಡೆಯ ನಿಯಮದಲ್ಲಿ ಎಳೆಯ ದಪ್ಪಕ್ಕೆ ಸ್ಥಾನವೇ ಇಲ್ಲ. ಅಲ್ಲಿರುವುದು ಸುತ್ತುಗಳ ಸಂಖ್ಯೆ. ಓಮ್ ಹೆಚ್ಚಿತು, ಸಂಕೇತದ ಬಲ ಹೆಚ್ಚಲಿಲ್ಲ. ಇನ್ನೊಂದು ನಿದರ್ಶನ: ಉಷ್ಣತೆ ಒಂದು ಡಿಗ್ರಿ ಏರಿದರೆ ತಾಮ್ರದ ರೋಧ ಸುಮಾರು ಶೇಕಡ 0.39ರಷ್ಟು ಏರುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ 8,000 ಓಮ್ ತೋರಿದ ಪಿಕಪ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 8,470 ಓಮ್ ತೋರುತ್ತದೆ. ಹಾಗೆಂದು ಮಧ್ಯಾಹ್ನದ ಗಿಟಾರು ಬೆಳಗಿನ ಗಿಟಾರಿಗಿಂತ ಗಟ್ಟಿಯಾಗಿ ನುಡಿಯಿತೆಂದು ಯಾರೂ ಹೇಳಲಾರರು. ಓಮ್‌ಗಳಿಂದ ಪಿಕಪ್ಪನ್ನು ಆರಿಸುವುದು ವೀಣೆಯನ್ನು ತಕ್ಕಡಿಯಲ್ಲಿಟ್ಟು ಅದರ ನಾದವನ್ನು ನಿರ್ಣಯಿಸಿದಂತೆ. ಸುರುಳಿ ಎಲ್ಲಿಯಾದರೂ ಕಡಿದಿದೆಯೆ ಎಂದು ತಿಳಿಯಲು ಆ ಅಳತೆ ಬೇಕು. ಅದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಸಲ್ಲದು.

ಹಾಗಾದರೆ ನಾದವನ್ನು ನಿರ್ಣಯಿಸುವುದು ಯಾವುದು? ಸುರುಳಿಗೆ ಪ್ರೇರಕತೆಯುಂಟು, ಸುರುಳಿಗೂ ಅದರಿಂದ ಹೊರಡುವ ಕೇಬಲಿಗೂ ಧಾರಕತೆಯುಂಟು. ಎರಡೂ ಸೇರಿದಲ್ಲಿ ಅನುರಣನೆ ಉಂಟಾಗಲೇಬೇಕು. ಪ್ರೇರಕತೆ 4.4 ಹೆನ್ರಿ, ಕೇಬಲಿನ ಧಾರಕತೆ ಮೀಟರಿಗೆ 100 ಪಿಕೊಫ್ಯಾರಡ್, ಸುರುಳಿಯದು 100 ಎಂದಿಟ್ಟುಕೊಳ್ಳೋಣ. ಐದು ಮೀಟರ್ ಕೇಬಲಿನೊಡನೆ ಅನುರಣನೆಯ ಆವೃತ್ತಿ ಸುಮಾರು 3,100 ಹರ್ಟ್ಸ್ ಎಂದು ಕಾಲೇಜಿನ ವಿದ್ಯಾರ್ಥಿಗಳು ಸೂತ್ರದಿಂದ ತಾವೇ ಗಣಿಸಬಹುದು. ನಮ್ಮ ಕಿವಿ ಅತ್ಯಂತ ಚುರುಕಾಗಿರುವ ವಲಯ ಅದೇ. ಆ ಶಿಖರದವರೆಗಿನ ಸ್ವರಗಳು ಸ್ಪಷ್ಟವಾಗಿ ಕೇಳುತ್ತವೆ. ಅದನ್ನು ದಾಟಿದವು ಬೇಗನೆ ಕುಗ್ಗುತ್ತವೆ.

ಈಗ ಸುತ್ತುಗಳನ್ನು ಶೇಕಡ 25ರಷ್ಟು ಹೆಚ್ಚಿಸೋಣ. ಸಂಕೇತದ ವೋಲ್ಟೇಜು ಶೇಕಡ 25ರಷ್ಟು, ಎಂದರೆ ಸುಮಾರು 2 ಡೆಸಿಬೆಲ್ ಏರುತ್ತದೆ. ಆದರೆ ಪ್ರೇರಕತೆ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಶಿಖರವು 3,100ರಿಂದ ಸುಮಾರು 2,500 ಹರ್ಟ್ಸಿಗೆ ಇಳಿಯುತ್ತದೆ. ಅಲ್ಪ ಬಲಕ್ಕಾಗಿ ಬಹಳ ಕಾಂತಿಯನ್ನು ಮಾರಿಕೊಂಡಂತಾಯಿತು. ಇದು ಯಾವ ತಯಾರಕನ ದೋಷವೂ ಅಲ್ಲ, ಪ್ರಕೃತಿಯ ಲೆಕ್ಕ. ಕಾಂತದ ಹೆಸರು ಹೇಳಿ ಮೆಚ್ಚಿಸುವವರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರರು.

ಬ್ರಿಡ್ಜಿನ ಬಳಿಯ ಪಿಕಪ್ಪಿಗೆ ಸ್ವಲ್ಪ ಹೆಚ್ಚು ಸುತ್ತು ಬೇಕೆಂಬ ವಾದದಲ್ಲಿ ನಿಜಾಂಶವಿದೆ ಎಂಬುದನ್ನು ಒಪ್ಪಲೇಬೇಕು. ಗಿಟಾರಿನ ಬ್ರಿಡ್ಜು ನಮ್ಮ ವೀಣೆಯ ಕುದುರೆಯಂತೆ ತಂತಿಯ ಒಂದು ಕೊನೆಯ ಆಸರೆ. ಅಲ್ಲಿ ತಂತಿ ಅಲುಗಾಡಲಾರದು. ತಂತಿಯ ಉದ್ದದ ಹದಿನಾರನೆಯ ಒಂದು ಭಾಗದಲ್ಲಿ ಪಿಕಪ್ ಇದೆಯೆಂದುಕೊಂಡರೆ, ಮೂಲಸ್ವರದಲ್ಲಿ ತಂತಿಯ ಚಲನೆ ಆ ಸ್ಥಳದಲ್ಲಿ ಗರಿಷ್ಠದ 0.195 ಪಾಲು, ನಾಲ್ಕನೆಯ ಒಂದು ಭಾಗದಲ್ಲಿ, ಕತ್ತಿನ ಪಿಕಪ್ಪಿರುವ ಕಡೆ, 0.707 ಪಾಲು. ಆದುದರಿಂದ ಬ್ರಿಡ್ಜಿನ ಬಳಿ ನಾದ ಕ್ಷೀಣ, ಮೇಲ್ಸ್ವರಗಳ ಪ್ರಾಬಲ್ಯದಿಂದ ತೀಕ್ಷ್ಣ. ತುಸು ಸುತ್ತು ಹೆಚ್ಚಿಸಿದರೆ ಎರಡೂ ಸರಿಹೋಗುತ್ತವೆ. ಆದರೆ ತುಸು ಎಂಬುದನ್ನು ಮರೆತು, ಇದ್ದುದರಲ್ಲೆಲ್ಲ ಅತ್ಯಂತ ಬಲವಾದುದೇ ಬೇಕೆನ್ನುವುದು ಅತಿರೇಕ. 1970ರ ದಶಕದಲ್ಲಿ ಅದಕ್ಕೊಂದು ಕಾರಣವಿತ್ತು. ಕವಾಟಗಳ ಆಂಪ್ಲಿಫೈಯರನ್ನು ಅದರ ಮಿತಿಯಾಚೆ ತಳ್ಳಿ ಕರ್ಕಶ ನಾದವನ್ನು ಪಡೆಯಲು ಬಲವಾದ ಸಂಕೇತ ಬೇಕಾಗಿತ್ತು. 1972ರ ಡಿಮಾರ್ಜಿಯೊ ‘ಸೂಪರ್ ಡಿಸ್ಟಾರ್ಷನ್’ ಆ ಅಗತ್ಯವನ್ನು ಪೂರೈಸಿತು. ಇಂದು ಅದೇ ಕೆಲಸವನ್ನು ಕಾಲಬುಡದ ಪುಟ್ಟ ಪೆಡಲ್ ಮಾಡುತ್ತದೆ.

‘ಸಂಗೀತಕ್ಕೆ ಕಿವಿಯೇ ಪ್ರಮಾಣ, ಭೌತವಿಜ್ಞಾನ ಏಕೆ?’ ಎಂದು ಕೆಲವರು ಕೇಳಬಹುದು. ಕೊನೆಯ ತೀರ್ಪು ಕಿವಿಯದೇ ಸರಿ. ಆದರೆ ಅಂಗಡಿಯಲ್ಲಿ ಕೇಳಿದ ಪಿಕಪ್ಪಿನೊಡನೆ ಅಂಗಡಿಯ ಗಿಟಾರು, ಕೇಬಲು, ಆಂಪ್ಲಿಫೈಯರುಗಳೂ ನುಡಿದಿರುತ್ತವೆ. ಯಾವುದರ ಗುಣ ಯಾವುದರಿಂದ ಬಂದಿತೆಂದು ಕಿವಿಯೊಂದೇ ಹೇಳಲಾರದು. ಬೇರ್ಪಡಿಸಿ ನೋಡುವುದು ಬುದ್ಧಿಯ ಕೆಲಸ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಮೊದಲು ತಿರುಪನ್ನು ತಿರುಗಿಸಿ ಪಿಕಪ್ಪಿನ ಎತ್ತರವನ್ನು ಬದಲಿಸಿ ನೋಡಬೇಕು. ತಂತಿಗೆ ಸಮೀಪವಾದಷ್ಟೂ ಸಂಕೇತ ಬಲವಾಗುತ್ತದೆ, ಇದಕ್ಕೆ ಕಾಸೂ ಖರ್ಚಿಲ್ಲ. ಅನಂತರ ಕೇಬಲು: ಐದು ಮೀಟರಿನ ಬದಲು ಮೂರು ಮೀಟರ್ ಬಳಸಿದರೆ, ಮೇಲಿನ ಲೆಕ್ಕದ ಪ್ರಕಾರವೇ ಶಿಖರವು ಸುಮಾರು 3,800 ಹರ್ಟ್ಸಿಗೆ ಏರುತ್ತದೆ. ಅದಾದ ಮೇಲೆ, ಹಂಬಕರಿಗೆ ರೂಢಿಯಲ್ಲಿರುವ 500 ಕಿಲೊಓಮಿನ ನಿಯಂತ್ರಕಗಳು ಇವೆಯೆ, ಅಥವಾ ಶಿಖರವನ್ನು ತಗ್ಗಿಸುವ 250 ಕಿಲೊಓಮಿನವು ಇವೆಯೆ ಎಂದು ನೋಡಬೇಕು. ಇಷ್ಟಾದರೂ ತೃಪ್ತಿಯಾಗದಿದ್ದರೆ ಮಾತ್ರ ಹೊಸ ಪಿಕಪ್. ಆಗ ಓಮ್‌ಗಳನ್ನು ಬಿಟ್ಟು ಹೆನ್ರಿಗಳನ್ನು ಕೇಳಬೇಕು. ಮಧ್ಯಮ ಸುತ್ತಿನದನ್ನೇ ಆರಿಸಬೇಕು. ಹೆಚ್ಚಾದ ತೀಕ್ಷ್ಣತೆಯನ್ನು ಟೋನ್ ಗುಂಡಿಯಿಂದ ತಗ್ಗಿಸಬಹುದು. ಸುರುಳಿಯಲ್ಲೇ ಕಳೆದುಹೋದುದನ್ನು ಆಂಪ್ಲಿಫೈಯರಿನಿಂದ ಎತ್ತಹೊರಟರೆ ಗದ್ದಲವೂ ಜೊತೆಯಲ್ಲೇ ಏಳುತ್ತದೆ.

ವಿದ್ಯಾರ್ಥಿಯ ಕೈಯಲ್ಲಿರುವ ಹಣ ಅಲ್ಪ, ಅದು ವ್ಯರ್ಥವಾಗಬಾರದು. ಅದಕ್ಕಿಂತಲೂ ದೊಡ್ಡ ನಷ್ಟವೊಂದಿದೆ. ಸುಲಭವಾಗಿ ಅಳೆಯಬಹುದಾದುದನ್ನೇ ಮುಖ್ಯವೆಂದು ನಂಬುವ ಅಭ್ಯಾಸ ಗಿಟಾರಿನಲ್ಲಿ ಮೊದಲಾಗಿ ಗಿಟಾರಿನಲ್ಲೇ ನಿಲ್ಲುವುದಿಲ್ಲ. ಯಾವ ಅಂಕಿಯನ್ನು ಕಂಡರೂ ‘ಇದು ಅಳೆಯುವುದು ಏನನ್ನು?’ ಎಂದು ಕೇಳುವುದನ್ನು ಕಲಿತವನಿಗೆ ಭೌತವಿಜ್ಞಾನದ ಪಾಠ ದಕ್ಕಿತೆಂದು ಹೇಳಬಹುದು.