ಗೋಡೆಯ ಮೇಲಿನ ಕಾಗದ

ಕಳೆದ ಸಂಚಿಕೆಯಲ್ಲಿ ನಾವು ಪಡಿತರ ಚೀಟಿಯ ಪ್ರತಾಪವನ್ನು ಬರೆದಾಗ, 'ಗುಮಾಸ್ತರಿಗೆ ಕಾಗದದ ಹೊರತು ಬೇರೆ ಪ್ರಪಂಚವೇ ಇಲ್ಲವೋ?' ಎಂದು ಮಿತ್ರರೊಬ್ಬರು ಸಂಘದ ಸಭೆಯಲ್ಲಿ ಚೇಷ್ಟೆ ಮಾಡಿದರು. ಏನು ಮಾಡೋಣ ಸ್ವಾಮಿ? ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಗದವನ್ನೇ ಓದಿ, ಕಾಗದವನ್ನೇ ಬರೆದು, ಕಾಗದದಿಂದಲೇ ಅನ್ನ ಉಣ್ಣುವವರು ನಾವು. ಆದರೂ ಓದಲೇಬೇಕಾಗಿದ್ದ ಒಂದು ಕಾಗದವನ್ನು ಓದದೆ ಬಿಟ್ಟೆವು. ಅದರ ಫಲವನ್ನು ಮನೆಯ ಹಿರಿಯರು ಅನುಭವಿಸಬೇಕಾಯಿತು. ಈ ಸಲ ಆ ತಪ್ಪೊಪ್ಪಿಗೆಯನ್ನೇ ವಾಚಕರ ಮುಂದಿಡುತ್ತೇವೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಮ್ಮ ಕಾಕಾ ಕಲಬುರಗಿ ಕಡೆಯ ಒಕ್ಕಲುತನದವರು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ, ಅದು ಮೇಲೇರಿ, ಎರಡು ವರ್ಷಗಳ ಹಿಂದೆ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅಂದಿನಿಂದ ಉಪ್ಪಲಿನಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ಮನೆ ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೊಲದ ತುಂಬ ತಿರುಗಾಡಿದ ಜೀವ ಕಿಟಕಿಯ ಪಕ್ಕದಲ್ಲಿ ಕುಳಿತು, ಮೇಲೆ ಹೋಗುವ ಮೆಟ್ರೋ ರೈಲನ್ನು ಎಣಿಸುತ್ತ ಹೊತ್ತು ಕಳೆಯಿತು. 'ತಮ್ಮಾ, ಹೋದ ಕಾಲಿನ ಹೆಬ್ಬಟ್ಟು ಇನ್ನೂ ತುರಸ್ತದ ನೋಡು' ಎಂದು ನಗುತ್ತಿದ್ದರು. ಹಾಗಾಗುವುದುಂಟು, ಮಿದುಳು ಕಳೆದುಹೋದ ಕಾಲನ್ನು ಬೇಗ ಮರೆಯುವುದಿಲ್ಲ ಎಂದು ವೈದ್ಯರು ಹೇಳಿದರು.

ಗಾಯ ಮಾಯ್ದ ಮೇಲೆ ಕೃತಕ ಕಾಲಿನ ಯೋಚನೆ ಬಂತು. ನಗರದ ಒಂದು ಅಂಗಡಿಯಲ್ಲಿ ವಾರದೊಳಗೆ ಮಾಡಿಕೊಡುತ್ತಾರೆ, ಬೆಲೆಯೂ ಕಡಿಮೆ ಎಂದು ಯಾರೋ ಹೇಳಿದರು. ಹೋದೆವು. ಗೋಡೆಯ ಮೇಲೆ ಗಾಜಿನ ಚೌಕಟ್ಟು, ಅದರೊಳಗೆ ಸರಕಾರಿ ಮುದ್ರೆಯ ಕಾಗದ. ಮುದ್ರೆ ಕಂಡೊಡನೆ ಗುಮಾಸ್ತನ ಮನಸ್ಸು ತಣ್ಣಗಾಯಿತು. ಕಾಲಿನ ಅಳತೆ ಕೊಟ್ಟೆವು, ಹಣವನ್ನೂ ಕೊಟ್ಟೆವು, ಕಾಲನ್ನು ತಂದೆವು.

ಮೂರನೆಯ ವಾರ ನಮ್ಮ ಮಗಳು ಅಜ್ಜನ ಕಾಲುಚೀಲದ ಮೇಲೆ ರಕ್ತದ ಕಲೆ ಕಂಡು ಕೂಗಿಕೊಂಡಳು. ಕಾಕಾ ಅವರಿಗೆ ನೋವೇ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆ ಎಷ್ಟೋ ಜನರ ಕಾಲಿನ ಸ್ಪರ್ಶಜ್ಞಾನವನ್ನೇ ಕಸಿದುಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಮೂಳೆಯ ತುದಿಯಲ್ಲಿ ಹಸಿ ಹುಣ್ಣು. ಆಸ್ಪತ್ರೆಯಲ್ಲಿ ವೈದ್ಯರು, 'ಇನ್ನೂ ತಡ ಮಾಡಿದ್ದರೆ ಮೊಣಕಾಲಿನ ಮೇಲೆ ಕತ್ತರಿಸಬೇಕಾಗುತ್ತಿತ್ತು' ಎಂದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುದಿನ ಆ ಅಂಗಡಿಗೆ ಹೋಗಿ ಗೋಡೆಯ ಕಾಗದವನ್ನು ಮೊದಲ ಸಲ ಓದಿದೆವು. ಅದು ನಗರಪಾಲಿಕೆಯ ವ್ಯಾಪಾರ ಪರವಾನಗಿ! ಅಂಗಡಿಯ ಬಾಗಿಲು ತೆರೆಯಲು ಕೊಟ್ಟ ಅಪ್ಪಣೆ. ಬಟ್ಟೆ ಮಾರುವವನಿಗೂ ಬೇಕು, ಬಕೆಟ್ಟು ಮಾರುವವನಿಗೂ ಬೇಕು. ಮನುಷ್ಯನ ಕಾಲು ಮಾಡಲು ಬರುತ್ತದೆಂಬ ಮಾತು ಅದರಲ್ಲಿ ಒಂದೂ ಇರಲಿಲ್ಲ. ದಿನಕ್ಕೆ ನೂರು ಕಾಗದ ಓದುವವರು ಆ ಒಂದನ್ನು ಓದಿರಲಿಲ್ಲ.

ಹಾಗಾದರೆ ಕಾಲು ಮಾಡಲು ಬರುತ್ತದೆಂದು ಹೇಳುವ ಕಾಗದ ಯಾವುದು? ಹುಡುಕಿದೆವು. ನಮ್ಮ ದೇಶದಲ್ಲಿ ಇದಕ್ಕೆ ಕಾಯಿದೆಯೇ ಉಂಟು. 1992ರಲ್ಲಿ ಪಾರ್ಲಿಮೆಂಟು ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಮಾಡಿತು. 1993ರಲ್ಲಿ ಅದು ಜಾರಿಗೆ ಬಂತು. ಪರಿಷತ್ತು ಒಂದು ಕೇಂದ್ರ ರಿಜಿಸ್ಟರನ್ನು ಇಟ್ಟಿದೆ. ಕಿವುಡರಿಗೆ ಮಾತು ಕಲಿಸುವವರು, ವಿಶೇಷ ಶಾಲೆಯ ಉಪಾಧ್ಯಾಯರು ಮುಂತಾದವರ ಜೊತೆಗೆ ಪ್ರಾಸ್ಥೆಟಿಸ್ಟ್ ಮತ್ತು ಆರ್ಥೋಟಿಸ್ಟ್ ಎಂಬವರೂ ಆ ರಿಜಿಸ್ಟರಿನಲ್ಲಿದ್ದಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಹೋದ ಅಂಗಕ್ಕೆ ಬದಲು ಅಂಗ ಕೂಡಿಸುವವರು ಪ್ರಾಸ್ಥೆಟಿಸ್ಟ್. ಇರುವ ಅಂಗಕ್ಕೆ ಕ್ಯಾಲಿಪರು, ಪಟ್ಟಿ ಮೊದಲಾದ ಆಸರೆ ಕಟ್ಟುವವರು ಆರ್ಥೋಟಿಸ್ಟ್. ಸಾಮಾನ್ಯವಾಗಿ ಎರಡನ್ನೂ ಒಬ್ಬರೇ ಕಲಿತಿರುತ್ತಾರೆ. ಅದರ ಪದವಿಗೆ ನಾಲ್ಕು ವರ್ಷ ಓದು, ಮೇಲೆ ಆರು ತಿಂಗಳ ಆಸ್ಪತ್ರೆಯ ಅಭ್ಯಾಸ. ನಮ್ಮ ಬಿ.ಎ.ಗಿಂತ ಹೆಚ್ಚೇ ಆಯಿತು. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 1000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಎಂದು ಕಾಯಿದೆ ಮಾಡಿದಾಗ ಬರೆದರು. ಕಾಕಾ ಅವರ ಹುಣ್ಣಿಗೆ ಪಟ್ಟಿ ಕಟ್ಟಿಸಲು ನಾವು ಕೊಟ್ಟದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಎರಡನೆಯ ಸಲ ನಂಬರು ಕೇಳಿಯೇ ಹೋದೆವು. ಸರಕಾರಿ ಆಸ್ಪತ್ರೆಯೊಂದರ ಕೃತಕಾಂಗ ವಿಭಾಗದಲ್ಲಿ ನಮ್ಮ ತಂಗಿಯ ವಯಸ್ಸಿನ ಒಬ್ಬ ಹೆಣ್ಣುಮಗಳು. ತೆಲುಗು ಮನೆಮಾತು; ಬೆಂಗಳೂರಿನಲ್ಲಿ ಓದಿದವಳಾದ್ದರಿಂದ ಹರಕು ಮುರುಕು ಕನ್ನಡ. ಕಾಕಾ ಅವರಿಗೆ ಅರ್ಧ ನೋವು ಅಲ್ಲಿಯೇ ಇಳಿಯಿತು. ಆಕೆ ಮೊದಲು ಹಳೆಯ ಕಾಲನ್ನು ಕೈಯಲ್ಲಿ ಹಿಡಿದು ಒಳಗೆ ಬೆರಳಾಡಿಸಿದಳು. ಕೃತಕ ಕಾಲಿನ ಜೀವವೆಲ್ಲ ಮೇಲಿನ ಬಟ್ಟಲಿನಲ್ಲಿದೆಯಂತೆ. ಉಳಿದ ಮೋಟುಗಾಲು ಅದರೊಳಗೆ ಕೂರಬೇಕು. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ನರ ಭಾರ ಹೊರಬಲ್ಲದು; ಹೊರಗಡೆಯ ಸಣ್ಣ ಮೂಳೆಯ ಗಂಟು, ಮುಂಗಾಲೆಲುಬಿನ ತುದಿ ಹೊರಲಾರವು. ಭಾರ ಹೊರುವಲ್ಲಿ ಒತ್ತಿ, ಹೊರಲಾರದಲ್ಲಿ ಜಾಗ ಬಿಡಬೇಕು. ಅಂಗಡಿಯವನು ಟೇಪು ಹಿಡಿದು ಸುತ್ತಳತೆ ತೆಗೆದಿದ್ದ. ಈಕೆ ಒದ್ದೆ ಪ್ಲಾಸ್ಟರು ಸುತ್ತಿ ಅಚ್ಚು ತೆಗೆದು, ಆ ಅಚ್ಚನ್ನು ತಿದ್ದಿ ಬಟ್ಟಲು ಮಾಡಿದಳು. 'ಕಾಲು ಇನ್ನೂ ಸಣ್ಣ ಆಗುತ್ತೆ ತಾತಾ, ಆವಾಗ ಬಟ್ಟಲು ಮತ್ತೆ ಮಾಡಬೇಕು' ಎಂದು ಮೊದಲೇ ಹೇಳಿದಳು. ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳುಗಟ್ಟಲೆ ಮೋಟುಗಾಲು ಸೊರಗುತ್ತ ಹೋಗುವುದು ಸಹಜ. ಮೊದಲ ಅಂಗಡಿಯವನು ಆ ಮಾತನ್ನು ಎತ್ತಿರಲೇ ಇಲ್ಲ.

ಹೈದರಾಬಾದಿನವರಾದ ನಮಗೆ ಹೆಮ್ಮೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಕ್ಷಿಪಣಿಗಾಗಿ ಮಾಡಿದ ಹಗುರವಾದ ಇಂಗಾಲದ ವಸ್ತುವನ್ನು ನಿಜಾಮ್ಸ್ ಆಸ್ಪತ್ರೆಯ ಮೂಳೆವೈದ್ಯರೊಬ್ಬರು ಕೈಯಲ್ಲೆತ್ತಿ ನೋಡಿ, ಅಬ್ದುಲ್ ಕಲಾಂ ಅವರನ್ನು ತಮ್ಮ ರೋಗಿಗಳ ಬಳಿ ಕರೆದೊಯ್ದರಂತೆ. ಅಲ್ಲಿ ಮಕ್ಕಳು ಮೂರು ಕಿಲೋ ತೂಕದ ಕಬ್ಬಿಣದ ಕ್ಯಾಲಿಪರುಗಳನ್ನು ಎಳೆಯುತ್ತ ನಡೆಯುತ್ತಿದ್ದರು. ಮೂರು ವಾರಗಳಲ್ಲಿ 300 ಗ್ರಾಮಿನ ಕ್ಯಾಲಿಪರುಗಳು ಸಿದ್ಧವಾದವು ಎಂದು ಕಲಾಂ ಅವರೇ ಹೇಳುತ್ತಿದ್ದರು. ವಿಜ್ಞಾನಿಯ ವಸ್ತು ಎಷ್ಟೇ ಹಗುರವಿರಲಿ, ಯಾವ ಮಗುವಿನ ಕಾಲಿಗೆ ಯಾವ ಅಳತೆ ಎಂದು ಬಲ್ಲವರ ಕೈ ಬೇಕೇ ಬೇಕು.

ಇಷ್ಟು ಕೇಳಿ ಕಾಕಾ ಒಂದು ಪ್ರಶ್ನೆ ಹಾಕಿದರು. 'ನಮ್ಮೂರ ಬಡಿಗ್ಯಾ ಕುಂಟಿ ಮಾಡ್ತಾನ, ಕೂರಿಗಿ ಮಾಡ್ತಾನ. ಅವನಿಗೆ ಯಾವ ಸರಕಾರ ನಂಬರ ಕೊಟ್ಟದ? ಕೈ ದೊಡ್ಡದೋ, ಕಾಗದ ದೊಡ್ಡದೋ?'

ಪ್ರಶ್ನೆ ತಳ್ಳಿಹಾಕುವಂಥದಲ್ಲ. ಜಗತ್ತೆಲ್ಲ ಬಲ್ಲ ಜೈಪುರ ಕಾಲು 1968ರ ಸುಮಾರಿಗೆ ಜೈಪುರದ ಸವಾಯಿ ಮಾನಸಿಂಹ ಆಸ್ಪತ್ರೆಯಲ್ಲಿ ಹುಟ್ಟಿತು. ಅದರ ಹಿಂದೆ ಇದ್ದವರು ಇಬ್ಬರು: ವೈದ್ಯರಾದ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಶರ್ಮರು ಶಾಲೆಯನ್ನು ಹೆಚ್ಚು ಕಂಡವರಲ್ಲ. ರಬ್ಬರಿನ ಪಾದ ಮಾಡಿ, ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಕೂರುವ ನಮ್ಮ ಜನರಿಗೆ ಒಗ್ಗುವಂತೆ ಮಾಡಿದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂದು ರಾಮಚಂದ್ರ ಶರ್ಮರಂಥ ಒಬ್ಬರು ಅರ್ಜಿ ಹಿಡಿದು ಬಂದರೆ ನಮ್ಮಂಥ ಗುಮಾಸ್ತ, 'ಪದವಿ ಪ್ರಮಾಣಪತ್ರ ಲಗತ್ತಿಸಿಲ್ಲ' ಎಂದು ಬರೆದು ಹಿಂದಿರುಗಿಸಿಯಾನು. ಇದು ಕಾಯಿದೆಯ ಕಷ್ಟ, ಒಪ್ಪಿಕೊಳ್ಳಬೇಕು.

ಆದರೆ ಕಾಕಾ ಅವರಿಗೆ ನಾವು ಹೇಳಿದ್ದು ಇಷ್ಟು. ಶರ್ಮರು ಒಂಟಿಯಾಗಿ ಅಂಗಡಿ ಇಟ್ಟವರಲ್ಲ. ಪಕ್ಕದಲ್ಲಿ ವೈದ್ಯರಿದ್ದರು, ಮಾಡಿದ್ದು ಒತ್ತಿದರೆ ರೋಗಿ ಅದೇ ಆಸ್ಪತ್ರೆಗೆ ಮರಳಿ ಬಂದು ಹೇಳಬಹುದಿತ್ತು. ಊರ ಬಡಿಗನ ಕೂರಿಗಿ ಮುರಿದರೆ ನೀವು ಅವನ ಮನೆ ಬಾಗಿಲಿಗೆ ಹೋಗುತ್ತೀರಿ. ಅವನ ತಂದೆಯನ್ನೂ ಬಲ್ಲಿರಿ. ಊರು ಬಿಟ್ಟು ಬಂದ ನಮಗೆ ಈ ನಗರದಲ್ಲಿ ಯಾರ ತಂದೆ ಗೊತ್ತು? ಗುರುತಿಲ್ಲದ ಊರಿನಲ್ಲಿ ಗುರುತಿನ ಕೆಲಸ ಮಾಡುವುದೇ ಆ ನಂಬರು. ಅದು ಜಾಣತನಕ್ಕೆ ಜಾಮೀನಲ್ಲ. ನಾಳೆ ಹುಣ್ಣಾದರೆ ಉತ್ತರ ಹೇಳುವವರು ಯಾರು ಎಂಬುದಕ್ಕೆ ಜಾಮೀನು. ಕೈಯಿಂದ ಕಲಿತವರನ್ನು ಪರಿಷತ್ತು ಪೂರ್ತಿ ಹೊರಗೂ ಇಡಲಿಲ್ಲ. ಮೊದಮೊದಲ ವರ್ಷಗಳಲ್ಲಿ ಕೆಲಸದಲ್ಲಿದ್ದವರಿಗಾಗಿ ಸೇತುವೆ ಶಿಕ್ಷಣ ನಡೆಸಿ ರಿಜಿಸ್ಟರಿಗೆ ಸೇರಿಸಿಕೊಂಡಿತು. ಕೈಗೂ ಕಾಗದಕ್ಕೂ ಜಗಳ ಹಚ್ಚುವುದಕ್ಕಿಂತ ಅದು ಒಳ್ಳೆಯ ದಾರಿ.

ಇನ್ನೊಂದು ಸಂತೋಷದ ವಿಷಯ. ಅಮೆರಿಕದಲ್ಲಿ ಈ ಪರವಾನಗಿ ರಾಜ್ಯರಾಜ್ಯಗಳ ಮಾತು. ಫ್ಲೋರಿಡಾ, ಟೆಕ್ಸಾಸ್, ಓಹಾಯೊ ಮುಂತಾದ ಕಡೆ ಬೇಕು, ಎಷ್ಟೋ ರಾಜ್ಯಗಳಲ್ಲಿ ಅಂಥ ಕಾಯಿದೆಯೇ ಇಲ್ಲ. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ರಿಜಿಸ್ಟರು. ಬೆಂಗಳೂರಿನಲ್ಲಿ ಓದಿದವಳು ಹೈದರಾಬಾದಿನಲ್ಲಿ ಕಾಕಾ ಅವರ ಕಾಲು ಮಾಡಬಹುದು. ಗಡಿ ದಾಟಿದಾಗಲೆಲ್ಲ ಒಂದೊಂದು ಕಾಗದ ಬದಲಿಸಿ ಸುಸ್ತಾದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ವಾಚಕರಲ್ಲಿ ವಿನಂತಿ. ಮನೆಯಲ್ಲಿ ಯಾರಿಗಾದರೂ ಕೃತಕ ಕಾಲು, ಕೈ, ಕ್ಯಾಲಿಪರು ಬೇಕಾದರೆ, ಅಳತೆ ಕೊಡುವ ಮೊದಲು ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅವಮಾನವಲ್ಲ, ಉಳ್ಳವರು ಸಂತೋಷದಿಂದ ತೋರಿಸುತ್ತಾರೆ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ತಾರೀಖನ್ನೂ ನೋಡಿ. ಪರಿಷತ್ತಿನ ಜಾಲತಾಣದಲ್ಲಿಯೂ ಹುಡುಕಬಹುದು. ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿದ್ದು ವರಮಾನ ಕಡಿಮೆಯಿದ್ದವರಿಗೆ 1981ರಿಂದ ನಡೆದುಬಂದ ಕೇಂದ್ರ ಸರಕಾರದ ಸಹಾಯ ಯೋಜನೆಯೂ ಉಂಟು. ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸಿಕೊಂಡಿದ್ದರೆ ಅದಕ್ಕೂ ಅನುಕೂಲ. ಸಕ್ಕರೆ ಕಾಯಿಲೆಯವರಂತೂ ಪ್ರತಿ ರಾತ್ರಿ ಕಾಲು ಬಿಚ್ಚಿ ಚರ್ಮವನ್ನು ನೋಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು. ಕೈಯಲ್ಲಿ ಕನ್ನಡಿ ಹಿಡಿದು ತಪಾಸಣೆ ಮಾಡುತ್ತಾಳೆ.

ಕಳೆದ ಭಾನುವಾರ ಕಾಕಾ ಎರಡು ಮಹಡಿ ಇಳಿದು, ಉಪ್ಪಲಿನ ತರಕಾರಿ ಗಾಡಿಯವನ ಹತ್ತಿರ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಚೌಕಾಸಿ ಮಾಡಿ, ಬದನೆಕಾಯಿ ಹಿಡಿದು ಮೇಲೆ ಬಂದರು. ಬದನೆಕಾಯಿ ಬಲಿತಿತ್ತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.